ನೆಲಮಾಳಿಗೆಯ ರೈಲುಗಳ್ಳರು

ಈ ಕ್ರಿಸ್‌ಮಸ್ ಹಬ್ಬಕ್ಕೆ ಮಾವನ ಹಳೇ ರೈಲು ಇಂಜಿನ್ ಓಡದಿದ್ದರೆ ನಾನು ವೋಲ್ಕ್‌ಮಾರನೇ ಅಲ್ಲ ಎಂದು ಮೆಟ್ಟಿಲ ಮೇಲೆ ನಿಂತು ಇಡೀ ಕಟ್ಟಡಕ್ಕೆ ಕೇಳುವಂತೆ ಘೋಷಿಸಿಬಿಟ್ಟೆ! ಕಟ್ಟಡವೆಂದರೆ ಮೂರೇ ಮನೆ. ಕೆಳಗೆ ಮಾವ ಗೊಟ್‌ಹಿಲ್ಫ್, ನಡುವೆ ನಾನು ಮತ್ತು ನನ್ನ ಹೆಂಡತಿ ರೋಸ್ವಿತಾ, ಮೇಲೆ ಒಂಟಿ ಮನುಷ್ಯ ಬಾಯರ್ಲೆ. ಮೂರೂ ಬಾಗಿಲು ತೆರೆದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂರೂ ಮುಚ್ಚಿಕೊಂಡವು.

ಇಂಜಿನ್ ಎಂದರೆ ಆಟದ್ದು, ಗೇಣುದ್ದ. ಆದರೆ ಪ್ಲಾಸ್ಟಿಕ್ ಅಲ್ಲ ಸ್ವಾಮಿ, ಅಪ್ಪಟ ಎರಕದ ಲೋಹ! ಮಾವ ಚಡ್ಡಿ ಹಾಕುತ್ತಿದ್ದ ಕಾಲಕ್ಕೆ ಅವರಪ್ಪ ಕ್ರಿಸ್‌ಮಸ್ ಮರದ ಕೆಳಗೆ ಇಟ್ಟುಕೊಟ್ಟದ್ದು. ನಮ್ಮ ಮದುವೆಗೂ ಮುಂಚೆಯೇ ಕೆಟ್ಟು ನಿಂತಿತ್ತು. ಅದನ್ನು ಓಡಿಸಿ ಮಾವನ ಬಾಯಿಂದ ಒಂದೇ ಒಂದು ಹೊಗಳಿಕೆ ಕೇಳಬೇಕು ಎಂಬುದು ನನ್ನ ಜೀವನದ ಆಸೆ. ನಮ್ಮ ಶ್ವಾಬಿಯಾ ಸೀಮೆಯಲ್ಲಿ ಒಂದು ಮಾತಿದೆ: ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ. ಆ ಲೆಕ್ಕದಲ್ಲೂ ಮಾವ ನನ್ನನ್ನು ಒಮ್ಮೆಯೂ ಹೊಗಳಿದವರಲ್ಲ.

ನೆಲಮಾಳಿಗೆಯಲ್ಲಿ, ಸೇಬಿನ ಮದ್ಯದ ಪೀಪಾಯಿಯ ಪಕ್ಕ ಮೇಜು ಹಾಕಿ ಕೆಲಸಕ್ಕೆ ಕೂತೆ. ಇಂಜಿನ್ ಒಳಗಿನ ಎಣ್ಣೆ ಹಳೇ ಗೋಂದಿನ ಹಾಗೆ ಗಟ್ಟಿಯಾಗಿತ್ತು. ಹಲ್ಲುಚಕ್ರಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಯಾರ ಬ್ರಷ್ ಎಂಬುದು ಈ ಕಥೆಗೆ ಬೇಕಿಲ್ಲ. ಬಿಡಿಭಾಗಗಳನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ದೊಡ್ಡ ಆಪರೇಷನ್ ಮುಗಿಸಿದ ಡಾಕ್ಟರಂತೆ ಕೈ ಒರೆಸಿಕೊಂಡು ಊಟಕ್ಕೆ ಹೋದೆ.

ಬಂದು ನೋಡಿದರೆ ಮೋಟಾರಿನ ಕಾರ್ಬನ್ ಬ್ರಷ್ ಮಾಯ! ಅಕ್ಕಿಕಾಳಿನಷ್ಟು ವಸ್ತು, ಆದರೆ ಅದಿಲ್ಲದೆ ಮೋಟಾರಿಗೆ ಕರೆಂಟೇ ಹೋಗದು. ಮೊಣಕಾಲೂರಿ ನೆಲವೆಲ್ಲ ತಡಕಿದೆ. ನೆಲ ಫಳಫಳ ಹೊಳೆಯುತ್ತಿತ್ತು. ಹೊಳೆಯದೇ ಏನು? ಅಂದು ಶನಿವಾರ. ನಮ್ಮಲ್ಲಿ ಮೆಟ್ಟಿಲು, ನೆಲಮಾಳಿಗೆ ಎಲ್ಲ ಗುಡಿಸಿ ಒರೆಸುವುದು ಮನೆಗೊಂದು ವಾರದ ಪಾಳಿ. ಯಾರ ವಾರವೋ ಅವರ ಬಾಗಿಲಿಗೆ ಪಾಳಿಯ ಹಲಗೆ ತೂಗುತ್ತದೆ. ಓಡಿಹೋಗಿ ನೋಡಿದೆ. ಹಲಗೆ ತೂಗುತ್ತಿದ್ದದ್ದು ಬಾಯರ್ಲೆಯ ಬಾಗಿಲಲ್ಲಿ!

ನನಗೆ ಎಲ್ಲ ಅರ್ಥವಾಗಿಹೋಯಿತು. ಬಾಯರ್ಲೆಯೂ ನಾನೂ ಒಂದೇ ರೈಲು ಸಂಘದ ಸದಸ್ಯರು. ಅವನ ರೈಲುಗಳೆಲ್ಲ ಪ್ಲಾಸ್ಟಿಕ್. ಹೊಟ್ಟೆಕಿಚ್ಚು! ಮೆಟ್ಟಿಲಲ್ಲಿ ಅಡ್ಡಗಟ್ಟಿ, ಗುಡಿಸುವಾಗ ಏನಾದರೂ ಸಿಕ್ಕಿತೇ ಎಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದೆ.

"ಧೂಳು ಸಿಕ್ತು. ನಿಮ್ಮದೇ ಆದರೆ ವಾಪಸ್ ಕೊಡ್ತೀನಿ" ಎಂದ.

ಕುಂಬಳಕಾಯಿ ಕಳ್ಳ ಅಂದರೆ ಕಳ್ಳನಾದವನು ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಈತ ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಎಂಥಾ ಪಳಗಿದ ಕಳ್ಳ ಇರಬೇಕು! ಮರುದಿನ ಅವನು ವಾಡಿಕೆಯಂತೆ ಹಬ್ಬದ ಬಿಸ್ಕತ್ತಿನ ತಟ್ಟೆ ಕಳಿಸಿದಾಗ ನಾನು ಒಂದೊಂದನ್ನೂ ಮುರಿದು ಒಳಗೆ ಇಣುಕಿದೆ. ರೋಸ್ವಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಏನು ಮಾಡುತ್ತಿದ್ದೀರಿ ಎಂದಳು. ತನಿಖೆ ಎಂದೆ. ಅವಳು ಪುಡಿಯನ್ನೆಲ್ಲ ಬಳಿದು ನನ್ನ ಕಾಫಿ ತಟ್ಟೆಗೇ ಹಾಕಿದಳು.

ಹೊಸ ಕಾರ್ಬನ್ ಬ್ರಷ್ ತರಿಸಿ ಕೂರಿಸಿದೆ. ಈ ಸಲ ಕಳ್ಳನನ್ನು ಹೆಜ್ಜೆ ಗುರುತಿನಿಂದಲೇ ಹಿಡಿಯೋಣವೆಂದು ನೆಲಮಾಳಿಗೆಯ ತುಂಬ ನುಣ್ಣನೆ ಗೋಧಿಹಿಟ್ಟು ಚೆಲ್ಲಿ ಬಂದೆ. ಎಂಥಾ ಉಪಾಯ! ಪತ್ತೇದಾರರೇ ನಾಚಬೇಕು. ಆದರೆ ಅಂದೂ ಶನಿವಾರ ಎಂಬುದು ನೆನಪಾಗಲಿಲ್ಲ. ಪಾಳಿ ಮಾವನದು. ಅವರು ಹಿಟ್ಟು, ಹೆಜ್ಜೆ, ಸಾಕ್ಷಿ ಎಲ್ಲವನ್ನೂ ಗುಡಿಸಿ, ಒರೆಸಿ, ಮೊರದಲ್ಲಿ ತುಂಬಿಕೊಂಡು ನಮ್ಮ ಬಾಗಿಲಿಗೇ ಬಂದರು.

"ಅಳಿಯಂದಿರೇ, ಇದನ್ನ ಚೆಲ್ಲಿದ್ದು ಇಲಿಯೋ, ನೀವೋ? ಇಲಿ ಆದರೆ ಬೋನು ಇಡ್ತೀನಿ. ನೀವಾದರೆ ಏನು ಇಡಬೇಕೋ ಗೊತ್ತಿಲ್ಲ."

ಕೆಳಗಿಳಿದು ನೋಡಿದರೆ ಚಕ್ರಗಳನ್ನು ಜೋಡಿಸುವ ಕಡ್ಡಿ ಮಾಯ!

ಹಬ್ಬ ಹತ್ತಿರ ಬಂತು, ನನ್ನ ನಿದ್ದೆ ಹಾರಿತು. ಯಾರನ್ನು ನೋಡಿದರೂ ಅನುಮಾನ. ಅಂಚೆಯವನು ನಕ್ಕರೆ ಯಾಕೆ ನಕ್ಕ ಎಂದು ಯೋಚಿಸುವಷ್ಟಾಯಿತು. ಕೊನೆಗೆ ಮುಂದಿನ ಶನಿವಾರ ಮಧ್ಯಾಹ್ನ, ಸಂಘಕ್ಕೆ ಹೋಗುತ್ತೇನೆಂದು ಸುಳ್ಳು ಹೇಳಿ, ಪೀಪಾಯಿಯ ಹಿಂದೆ ಅವಿತು ಕೂತೆ. ಪಾಳಿ ನಮ್ಮ ಮನೆಯದೇ. ರೋಸ್ವಿತಾ ಪೊರಕೆ ಹಿಡಿದು ಬಂದಳು. ಮೂಲೆಮೂಲೆ ಗುಡಿಸಿದಳು. ಆಮೇಲೆ ಮೇಜಿನ ಹತ್ತಿರ ಹೋಗಿ, ತರಕಾರಿ ಆರಿಸುವ ಹಾಗೆ ಅತ್ತಿತ್ತ ನೋಡಿ, ಇಂಜಿನ್ನಿನ ಒಂದು ಚಕ್ರ ಎತ್ತಿ ಏಪ್ರನ್ ಜೇಬಿಗೆ ಹಾಕಿಕೊಂಡಳು!

ನಾನು ಹಾರಿ ಹೊರಬಿದ್ದೆ. ಅವಳು ಬೆಚ್ಚಲೂ ಇಲ್ಲ.

"ಮೊದಲು ಮೈ ಕೊಡವಿಕೊಳ್ಳಿ, ಜೇಡರಬಲೆ" ಎಂದಳು.

"ಮನೇಲೇ ಕಳ್ಳಿ ಇಟ್ಕೊಂಡು ಊರೆಲ್ಲ ಹುಡುಕಿದ್ನಲ್ಲೇ!"

"ಕಳ್ಳಿ ಏನಲ್ಲ. ಈ ವಾರ ನಮ್ಮ ಪಾಳಿ. ಹೋದ ವಾರ ಅಪ್ಪಂದು, ಅದರ ಹಿಂದಿನ ವಾರ ಬಾಯರ್ಲೆಯವರದ್ದು. ಪಾಪ, ಅವರಿಗೆ ಬಿಸ್ಕತ್ತು ವಿಷಯ ಹೇಳುವಾಗ ನನಗೇ ನಾಚಿಕೆ ಆಯ್ತು."

ಇಡೀ ಕಟ್ಟಡವೇ ಕಳ್ಳರ ಸಂಘ!

"ಯಾಕೆ?" ಎಂದೆ.

"ಇಂಜಿನ್ ಮುಗೀಲಿ, ಆಮೇಲೆ ಮೂರೂ ಮನೆ ಬೆಚ್ಚಗಿಡೋ ಬಾಯ್ಲರ್‌ಗೆ ಕೈ ಹಾಕ್ತೀನಿ ಅಂತ ಮೆಟ್ಟಿಲ ಮೇಲೆ ನಿಂತು ಕೂಗಿದ್ದು ಯಾರ್ರೀ?"

ಕೂಗಿದ್ದು ನಿಜ. ಮೇಲೆ ಬರೆಯುವಾಗ ಅದೊಂದು ವಾಕ್ಯ ಬಿಟ್ಟುಹೋಯಿತು.

"ಕರೆಗಂಟೆ ರಿಪೇರಿ ಮಾಡಿದಿರಿ. ಈಗ ಯಾರ ಮನೆ ಗುಂಡಿ ಒತ್ತಿದರೂ ಮೂರು ಮನೇಲೂ ಬಡ್ಕೊಳ್ಳತ್ತೆ. ಬಾಯ್ಲರ್ ಮುಟ್ಟಿದರೆ ಈ ಚಳಿಯಲ್ಲಿ ನಾವು ಮೂರು ಮನೆಯೋರೂ ಮರಗಟ್ಟಿ ಹೋಗ್ತೀವಿ. ಚಳಿ ಕಳೆಯೋವರೆಗೂ ನೀವು ಇಂಜಿನ್ ಹತ್ರಾನೇ ಇರ್ಬೇಕು ಅಂತ ಸೇರಿ ತೀರ್ಮಾನ ಮಾಡಿದ್ವಿ."

ನನಗೆ ನಿಜಕ್ಕೂ ನೋವಾಯಿತು. ನಿಮ್ಮಪ್ಪನಿಗೆ ತಮ್ಮ ಇಂಜಿನ್ ಓಡುವುದು ಬೇಡವೇನು ಎಂದು ಕೇಳಿದೆ. ಅವಳ ದನಿ ಇಳಿಯಿತು.

"ಬೇಕು. ಆ ಕಡ್ಡಿ ಎತ್ಕೊಂಡು ಬಂದ ದಿನ ಅಪ್ಪ ಊಟಾನೇ ಮಾಡಲಿಲ್ಲ. ಆದರೂ ಬಾಯ್ಲರ್ ಮುಖ್ಯ ಅಂದರು."

ಬಾಯ್ಲರ್ ತಂಟೆಗೆ ಹೋಗುವುದಿಲ್ಲವೆಂದು ಆಣೆ ಇಟ್ಟೆ. ಸಂಜೆಯೊಳಗೆ ಬಿಡಿಭಾಗಗಳೆಲ್ಲ ಮನೆಮನೆಯಿಂದ ಮರಳಿದವು. ಬಾಯರ್ಲೆಯ ಕ್ಷಮೆ ಕೇಳಲು ಹೋದರೆ, ಬಿಸ್ಕತ್ತಿನ ಒಳಗೆ ಏನಾದರೂ ಸಿಕ್ಕಿತೇ ಎಂದು ಅವನೇ ವಿಚಾರಿಸಿದ.

ಕ್ರಿಸ್‌ಮಸ್ ಹಿಂದಿನ ಸಂಜೆ ಆಲೂಗಡ್ಡೆ ಸಲಾಡು, ಸಾಸೇಜು ಮುಗಿಸಿ ಎಲ್ಲರೂ ಮರದ ಸುತ್ತ ಕೂತರು. ನಾನು ಗುಂಡಿ ತಿರುಗಿಸಿದೆ. ಇಂಜಿನ್ ಗುರ್ರೆಂದಿತು, ದೀಪ ಹೊತ್ತಿತು, ಮರದ ಕೆಳಗೆ ಸರಸರನೆ ಸುತ್ತತೊಡಗಿತು! ಮಾವ ನೆಲಕ್ಕೇ ಇಳಿದು ಕೂತರು. ಇಂಜಿನ್ ಎದುರಿಗೆ ಬಂದಾಗಲೆಲ್ಲ ಅವರ ಗದ್ದ ನಡುಗುತ್ತಿತ್ತು. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಅವರು ಕನ್ನಡಕ ತೆಗೆದು ಒರೆಸಿಕೊಂಡು ನನ್ನತ್ತ ತಿರುಗಿದರು.

"ಚೆನ್ನಾಗಿ ಮಾಡಿದೀಯ ಕಣಯ್ಯ" ಎಂದರು.

ಹೊಗಳಿಕೆ! ಶ್ವಾಬಿಯಾದಲ್ಲಿ! ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಬರುವುದೊಂದು ಬಾಕಿ. ಅಷ್ಟರಲ್ಲಿ ಮಾವ ಮಗಳನ್ನು ಹತ್ತಿರ ಕರೆದು, ಪಿಸುಮಾತು ಎಂದುಕೊಂಡು ಮೂರು ಮನೆಗೂ ಕೇಳುವಂತೆ ಹೇಳಿದರು:

"ಮಗಳೇ, ಬಾಯ್ಲರ್ ಕೋಣೆಗೆ ಇವತ್ತೇ ಬೀಗ ಹಾಕು. ಇವನ ಕೈ ಕುದುರಿಬಿಟ್ಟಿದೆ."