ಜಾಲಿ ಬಳಗ ಮತ್ತು ಕುದುರೆಯ ಬಾಲ

ಗಿಡಮರಗಳ ವಿಷಯದಲ್ಲಿ ನಾನು ಬಾಯಿ ಬಿಟ್ಟಾಗೊಮ್ಮೆ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ. ಎಂಬತ್ತರ ದಶಕದಲ್ಲಿ ಸವಣೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಾಗಂತೂ ಒಂದರ ಬೆನ್ನಿಗೆ ಒಂದು. ಎಲ್ಲದರಲ್ಲೂ ನನ್ನ ಪಾಲುದಾರರು, ಟೀಚರಮ್ಮನಾದ ನನ್ನನ್ನು 'ಬಾಯಾರ' ಎನ್ನುತ್ತ ದಿನಾ ಶಾಲೆಗೆ ಮುಟ್ಟಿಸುತ್ತಿದ್ದ ಟಾಂಗಾದ ಕಾಕಾ.

ಕಾಯಿ ನೋಡಿ ಬಳಗ

ಒಂದು ದಿನ ದಾರಿಯಲ್ಲಿ ಹೇಳಿದೆ: "ಕಾಕಾ, ಜಾಲಿಗಿಡ, ಬನ್ನಿಗಿಡ ನಮ್ಮ ಕಡೀವು. ಆ ಗುಲ್‌ಮೊಹರು, ಈಗ ಪುಕ್ಕಟೆ ಹಂಚಾಕತ್ತಾರಲ್ಲ ಸುಬಾಬುಲ್ ಸಸಿ, ಅವು ಪರದೇಶದವು. ಆದ್ರ ಎಲ್ಲಾ ಒಂದ ಬಳಗ. ಕಾಯಿ ನೋಡ್ರಿ, ಎಲ್ಲಾ ಅವರಿಕಾಯಿ ಹಂಗ."

ಕಾಕಾ ಲಗಾಮು ಎಳೆದು ಗುಲ್‌ಮೊಹರನ್ನು ಮೇಲಿಂದ ಕೆಳಗೆ ನೋಡಿದರು.

"ಜಾಲಿ ಬೇಲಿಗಾದ್ರೂ ಬರತೈತಿ. ಇದು ಬರೇ ಕೆಂಪ ಹೂ ಮುಡಕೊಂಡು ನಿಂತೈತಲ್ರಿ! ಪ್ರತಿ ಬಳಗದಾಗೂ ಇಂಥಾದೊಂದು ಇರತೈತಿ ಬಿಡ್ರಿ, ಬಾಯಾರ."

ದಸರೆಯ ಬಂಗಾರ

ದಸರೆಗೆ ನಮ್ಮ ಕಡೆ ಬನ್ನಿ ಎಲೆಯನ್ನೇ ಬಂಗಾರವೆಂದು ಹಂಚುತ್ತಾರೆ. ಕಾಕಾನೂ ಮನೆಗೆ ಬಂದು ಕೈಗೆ ಎಲೆ ಕೊಟ್ಟರು. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ."

ನೋಡಿದರೆ ಸುಬಾಬುಲ್!

"ಕಾಕಾ, ಇದು ಬನ್ನಿ ಅಲ್ಲ."

"ಬನ್ನಿ ಗಿಡದ ಮುಂದ ಮಂದಿ ಭಾಳ ಇತ್ರಿ. ಒಂದ ಬಳಗ ಅಂತ ನೀವ ಹೇಳೀರಲ್ಲ? ಅಣ್ಣ ಸಿಗಲಿಲ್ಲಂದ್ರ ತಮ್ಮನ್ನ ಕರಕೊಂಡ ಬರೂದಿಲ್ಲೇನು?"

ನನ್ನ ಅತ್ತೆಯವರು ಆ ಬಂಗಾರವನ್ನು ಸೀದಾ ಮನೆಯ ಆಡಿನ ಮುಂದೆ ಹಾಕಿದರು. ಆ ವರ್ಷ ನಮ್ಮ ಮನೆಯಲ್ಲಿ ಮೊದಲು ಹಬ್ಬ ಮಾಡಿದ್ದು ಆಡು.

ಬಾಲ

ಆಡು ಚಪ್ಪರಿಸಿದ್ದನ್ನು ಕಾಕಾ ಕಂಡದ್ದೇ ಕಷ್ಟಕ್ಕೆ ಬಂತು. ತಮ್ಮ ಹಿತ್ತಲಿನ ಸುಬಾಬುಲ್ಲನ್ನು ದಿನಾ ಟಾಂಗಾದ ಕುದುರೆಗೆ ಹಾಕಿದರು. ಮೊದಲು ಕುದುರೆಯ ಕತ್ತಿನ ಕೂದಲು ಉದುರಿತು, ಆಮೇಲೆ ಬಾಲದ್ದು. ಬಾಲ ಒಣಗಿದ ನುಗ್ಗೇಕಾಯಿಯಾಯಿತು. ಈ ಎಲೆ ಆಡಿಗೆ ಆಗುತ್ತದೆ, ಕುದುರೆಗೆ ಆಗುವುದಿಲ್ಲವಂತೆ.

ಅದೇ ವಾರ ಶಿಗ್ಗಾಂವಿಯ ಮದುಮಗನೊಬ್ಬನ ಮೆರವಣಿಗೆಗೆ ಕಾಕಾ ಮಾತು ಕೊಟ್ಟಿದ್ದರು.

"ಬಾಲ ಇಲ್ಲದ ಕುದುರಿ ತಂದ ಅಂತ ಮಂದಿ ನಕ್ಕರ, ಇನ್ನ ಯಾರೂ ನನ್ನ ಲಗ್ನಕ್ಕ ಕರಿಯಾಂಗಿಲ್ರಿ, ಬಾಯಾರ." ಕಾಕಾ ಕಣ್ಣೊರೆಸಿಕೊಂಡರು.

ಅತ್ತೆಯವರು ಅಟ್ಟದಿಂದ ಹಗ್ಗ ಹೊಸೆಯುವ ಸಣಬಿನ ನಾರು ಇಳಿಸಿದರು. ಬಾಚಿ, ದೀಪದ ಮಸಿ ಬಳಿದು, ಮಗಳಿಗೆ ಚೌರಿ ಹಾಕುವಂತೆ ಕುದುರೆಗೆ ಕಟ್ಟಿದರು. ಬೋಳು ಕತ್ತಿಗೆ ಮಲ್ಲಿಗೆ ಹಾರ ಬಿತ್ತು.

"ಸಣಬಿನ ಕಾಯಿನೂ ಅವರಿಕಾಯಿ ಹಂಗ ಇರತೈತಲ್ರಿ?" ಎಂದರು ಕಾಕಾ.

"ಹೌದ್ರಿ, ಅದೂ ಅದ ಬಳಗ," ಎಂದೆ.

ಮೆರವಣಿಗೆಯಲ್ಲಿ ಮದುಮಗನಿಗಿಂತ ಬಾಲವನ್ನು ನೋಡಿದವರೇ ಹೆಚ್ಚು. ಮದುಮಗನ ಅಪ್ಪ ಬೆರಗಾಗಿ ಕೇಳಿದರು: "ಎಂಥಾ ಬಾಲ ಐತಿ! ಎಲ್ಲಿ ಕುದುರಿ ಇದು?"

ಕಾಕಾ ನಗದೆ, ನನ್ನತ್ತ ಕೈ ತೋರಿಸಿ ಹೇಳಿದರು: "ಕುದುರಿ ಸವಣೂರಿಂದ್ರಿ. ಬಾಲದ ಬಳಗ ಮಾತ್ರ ಭಾಳ ದೊಡ್ಡದು. ಬೇಕಾದ್ರ ಬಾಯಾರ್ನ ಕೇಳ್ರಿ."