ಎಡಗೈಯಲ್ಲಿ ಬರೆದ ಮೂಕರ್ಜಿ

ಧೈರ್ಯವಿದ್ದವರಿಗೆ ಜಗಳ, ಇಲ್ಲದವರಿಗೆ ಅರ್ಜಿ ಎಂದು ದೇವರೇ ಹಂಚಿಟ್ಟಿರಬೇಕು. ಕೂಡ್ಲಿಗಿಯ ಕಚೇರಿಗಳ ಎದುರು ಬೇವಿನ ಮರದ ಕೆಳಗೆ ಮೂವತ್ತು ವರ್ಷ ಕೂತು ಊರವರ ಜಗಳಗಳನ್ನೆಲ್ಲ ಬಿಳಿ ಹಾಳೆಗೆ ಇಳಿಸಿದವನು ನಾನು. ಹೊಲದ ಬದು, ಗಂಡನ ಕುಡಿತ, ಮಾವನ ಮೊಂಡುತನ, ಯಾವುದೇ ಇರಲಿ, 'ತಮ್ಮಲ್ಲಿ ಸವಿನಯ ಪ್ರಾರ್ಥನೆ' ಎಂದು ಶುರುಮಾಡಿ ಎರಡೇ ಪುಟದಲ್ಲಿ ಎದುರಾಳಿಯ ಮಾನ ಹರಾಜು ಹಾಕಿಬಿಡುತ್ತೇನೆ. ಆದರೆ ಬಾಯಿಬಿಟ್ಟು ಯಾರಿಗೂ ಒಂದು ಮಾತು ಅಂದವನಲ್ಲ. ಹೋಟೆಲಿನ ಚಹಾದಲ್ಲಿ ನೊಣ ಬಿದ್ದಿದ್ದರೆ ಅದನ್ನು ಮೆಲ್ಲಗೆ ತೆಗೆದಿಟ್ಟು, ಉಳಿದದ್ದನ್ನು ಕುಡಿದು, ಮಾಲೀಕನಿಗೆ ನಮಸ್ಕಾರ ಹೇಳಿ ಬರುವ ಪೈಕಿ.

ಇಂಥ ನನ್ನ ಪಕ್ಕದ ಮನೆಗೆ ಯುಗಾದಿ ಕಳೆದ ಮೇಲೆ ಲೈನ್‌ಮನ್ ಮೈಲಾರಪ್ಪ ಬಾಡಿಗೆಗೆ ಬಂದ. ಇಟ್ಟಿಗಿ ಕಡೆಯವನು. ಸಾಮಾನಿನ ಲಾರಿಯಿಂದ ಮೊದಲು ಇಳಿದದ್ದು ಮಂಚವಲ್ಲ, ಬೀರುವಲ್ಲ, ಕೊಂಬು ಸುರುಳಿ ಸುತ್ತಿದ ಟಗರು. ದೇವರಿಗೆ ಬಿಟ್ಟದ್ದಂತೆ, ಮಾರುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ಅದನ್ನು ತಂದು ನಮ್ಮಿಬ್ಬರ ನಡುವಿನ ಗೋಡೆಯ ಪಕ್ಕದಲ್ಲೇ ಕಟ್ಟಿದ. ಬೆಳಿಗ್ಗೆ ಐದಕ್ಕೆ ಅದು ಗೋಡೆಗೆ ಗುದ್ದಿತೆಂದರೆ ಢಬ್! ನನ್ನ ತಲೆದಿಂಬು ಅದುರುತ್ತಿತ್ತು. ಐದೂವರೆಗೆ ಸ್ಪೀಕರಿನಲ್ಲಿ ಡೊಳ್ಳಿನ ಪದ. ಆರಕ್ಕೆ ಮತ್ತೆ ಢಬ್. ತಿಂಗಳೊಳಗೆ ಗೋಡೆಯಲ್ಲಿ ಬಿರುಕು, ನನ್ನ ಬಿ.ಪಿ.ಯಲ್ಲಿ ಏರಿಕೆ. ಒಂದು ದಿನ ಟಗರು ಹಗ್ಗ ಕಿತ್ತುಕೊಂಡು ಬಂದು ನನ್ನನ್ನು ಸ್ಕೂಟರ್ ಸಮೇತ ಚರಂಡಿಗೆ ಕೆಡವಿತು.

ಮೈಲಾರಪ್ಪ ಓಡಿ ಬಂದು ಎಬ್ಬಿಸಿದ. "ಏನೂ ಅನ್ಕಬ್ಯಾಡ್ರಿ ಅಣ್ಣಾರ, ಅದಕ್ಕ ನಿಮ್ ಮ್ಯಾಲೆ ಭಾಳ ಪ್ರೀತಿ ಐತಿ."

"ಇರ್ಲಿ ಬಿಡಪ್ಪ, ಮೂಕಪ್ರಾಣಿ" ಎಂದೆ, ಕಿವಿಯೊಳಗಿನ ಕೆಸರು ತೆಗೆಯುತ್ತ.

ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ ನನ್ನ ಹೆಂಡತಿ ಗಂಗಮ್ಮ, "ಬಾಯಾಗ ನಾಲಿಗಿ ಐತೋ ಇಲ್ಲೋ ನಿಮಗ? ಆ ಟಗರು ಅತ್ತಾಗ ಕಟ್ಟಪ್ಪ ಅಂತ ಒಂದ್ ಮಾತು ಹೇಳಾಕ ಏನ್ ಧಾಡಿ?" ಎಂದಳು. ನಾನು ಒಳಗೆ ಹೋಗಿ ಹಾಳೆ ತೆಗೆದೆ.

ಹೆಸರು ಹಾಕದೆ ಬರೆಯುವುದಕ್ಕೆ ಮೂಕರ್ಜಿ ಎನ್ನುತ್ತಾರೆ. ನನ್ನ ಅಕ್ಷರ ತಾಲೂಕಿಗೇ ಗೊತ್ತು, ಅದಕ್ಕೇ ಎಡಗೈಯಲ್ಲಿ ಬರೆದೆ. ಸದರಿ ಟಗರಿನಿಂದ ವೃದ್ಧರು, ಮಕ್ಕಳು, ಗರ್ಭಿಣಿಯರ ಪ್ರಾಣಕ್ಕೆ ಸಂಚಕಾರ ಬಂದಿದೆ ಎಂದೆ. ನಮ್ಮ ಬೀದಿಯಲ್ಲಿ ಗರ್ಭಿಣಿಯರು ಯಾರೂ ಇಲ್ಲ, ಆದರೆ ಅವರಿಲ್ಲದೆ ಅರ್ಜಿಗೆ ಕಳೆ ಬರುವುದಿಲ್ಲ. ಅದರ ಮಾಲೀಕನನ್ನು ಈ ಬಡಾವಣೆಯಿಂದಲೇ ತೆರವುಗೊಳಿಸಬೇಕೆಂದು ಮುಗಿಸಿದೆ. ಗಂಗಮ್ಮ ಒಮ್ಮೆ ಇಣುಕಿ ನೋಡಿ ಹಣೆ ಚಚ್ಚಿಕೊಂಡು ಹೋದಳು. ಪಟ್ಟಣ ಪಂಚಾಯಿತಿಯ ವಿಳಾಸ ಬರೆದು ಅಂಚೆಗೆ ಹಾಕಿ ಬಂದು ಊಟಕ್ಕೆ ಕೂತೆ. ಎರಡನೆಯ ರೊಟ್ಟಿ ಮುರಿಯುವಾಗ ಕೈ ಅಲ್ಲೇ ನಿಂತಿತು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಯಾರದೇ ಪತ್ರ ಬರೆದರೂ ಕೊನೆಯಲ್ಲಿ 'ಬಿಕ್ಕಲಂ' ಎಂದು ಹಾಕಿ ಬರೆದವನು ತನ್ನ ಹೆಸರು ಕಾಣಿಸಬೇಕು. ಮಾತು ಬರೆಸಿದವರದು, ಲೇಖನಿ ಮಾತ್ರ ನನ್ನದು ಎಂದು ಅರ್ಥ. ಮೂವತ್ತು ವರ್ಷದ ರೂಢಿ. ಎಡಗೈಗೂ ಅದು ಅಂಟಿತ್ತೆಂದು ನನಗೇನು ಗೊತ್ತು? ಮೂಕರ್ಜಿಯ ಕೆಳಗೆ, ಬಿಕ್ಕಲಂ ಕೊಟ್ರೇಶಪ್ಪ!

ಎಂಟು ದಿನ ಅನ್ನ ಸೇರಲಿಲ್ಲ. ಪಕ್ಕದ ಗೇಟು ಕಿರ್ರೆಂದರೆ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದೆ. ವಿದ್ಯುತ್ ಕಂಬ ಹತ್ತುವ ಮನುಷ್ಯ, ಕೈ ಎಂಥ ಗಟ್ಟಿ ಇರಬೇಡ! ಭಾನುವಾರ ಬೆಳಿಗ್ಗೆ ಬಂದೇ ಬಂದ. ಒಂದು ಕೈಯಲ್ಲಿ ಪಂಚಾಯಿತಿಯ ನೋಟಿಸು, ಅದರ ಹಿಂದೆ ನನ್ನ ಮೂಕರ್ಜಿಯ ಜೆರಾಕ್ಸು. ಇನ್ನೊಂದು ಕೈಯಲ್ಲಿ ಟಗರಿನ ಹಗ್ಗ.

"ಬಿಕ್ಕಲಂ ನಿಮ್ದ ಐತಿ ಅಣ್ಣಾರ. ಅಕ್ಷರ ಯಾಕೋ ಸೊಟ್ಟ ಬಂದಾವು. ಕೈ ನೋವಿತ್ತೇನ್ರಿ?"

"ಹ್ಞೂಂ, ಸ್ವಲ್ಪ ಉಳುಕಿತ್ತು" ಎಂದೆ.

"ಬರಸಿದಾವ ಯಾರ್ರಿ?"

ಆಗ ಹೊಳೆಯಿತು. ಬೇವಿನ ಮರದ ಕೆಳಗೆ ಕೂತವನಿಗೂ ಒಂದು ಸ್ವಂತ ದೂರು ಇರಬಹುದೆಂದು ಈ ಊರಿನಲ್ಲಿ ಯಾರಿಗೂ ಅನ್ನಿಸಿಯೇ ಇಲ್ಲ! ಎದುರುಮನೆ ಮೇಷ್ಟ್ರ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಟಗರು ಆ ಕಡೆ ತಿರುಗುತ್ತಿತ್ತು. ಹೇಗೋ ನುಂಗಿಕೊಂಡು, "ಅದನ್ನ ಹೇಳೂ ಹಂಗಿಲ್ಲಪ್ಪ, ಕಸುಬಿನ ಧರ್ಮ" ಎಂದೆ.

"ಖರೆ ಬಿಡ್ರಿ" ಎಂದು ಅವನು ಗೌರವದಿಂದ ಕೂತೇಬಿಟ್ಟ. "ಹಂಗಾರ ನಂದೊಂದು ಉತ್ತರ ಬರೀರಿ. ನನ್ ಮುಂದ ಬಂದು ಒಂದ್ ಮಾತು ಅಂದಿದ್ರ ಅವತ್ತ ಟಗರು ಹಿತ್ತಲದಾಗ ಕಟ್ಟತಿದ್ದೆ. ಹೇಳಾಕ ದಮ್ಮಿಲ್ಲದ ಹೇಡಿ ಇದನ್ನ ಬರಸ್ಯಾನ. ಹಂಗ ಬರೀರಿ."

"ಹೇಡಿ ಅನ್ನೋದು ಅರ್ಜಿ ಭಾಷೆ ಅಲ್ಲಪ್ಪ."

"ಸುಳ್ಳೇನ್ರಿ?"

ಸುಳ್ಳಲ್ಲ. ಬಲಗೈಯಲ್ಲೇ, ದುಂಡಗೆ ಬರೆದೆ. ಟಗರು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿತ್ತು. ಬರೆದದ್ದನ್ನು ಓದಿ ಹೇಳದೆ ಸಹಿ ಹಾಕಿಸುವಂತಿಲ್ಲ, ಅದೂ ಪದ್ಧತಿ. ಒಂದೇ ಉಸಿರಿಗೆ, ಸಣ್ಣ ದನಿಯಲ್ಲಿ ಓದಿ ಮುಗಿಸಿದೆ.

ಚಹಾ ತಂದ ಗಂಗಮ್ಮ ಲೋಟಗಳನ್ನಿಟ್ಟು, ಸೆರಗು ಸರಿಮಾಡಿಕೊಂಡು ಅಲ್ಲೇ ನಿಂತಳು. "ಆ ಹೇಡಿ ಅನ್ನೋ ಸಾಲು ನನಗ ಸರಿಯಾಗಿ ಕೇಳಲಿಲ್ರಿ. ಇನ್ನೊಂದ್ ಸಲ ಓದ್ರಿ, ಸ್ವಲ್ಪ ಜೋರಾಗಿ."

"ಹೌದ್ರಿ, ಓದ್ರಿ" ಎಂದ ಮೈಲಾರಪ್ಪನೂ.

ಗಂಟಲು ಸರಿಮಾಡಿಕೊಂಡು ಓದಿದೆ. ಒಬ್ಬ ಮನುಷ್ಯನನ್ನು ನಾನು ಬಾಯಿಬಿಟ್ಟು ಬೈದದ್ದು ಜೀವಮಾನದಲ್ಲಿ ಅದೇ ಮೊದಲು.