ಸೊರಬಕ್ಕೆ ಹೋದ ದಿಬ್ಬಣ: ಸ್ಥಿರ ಆವೃತ್ತಿಯ ಪಾಲಕರಲ್ಲಿ ಅಹವಾಲು

ಶಿಕಾರಿಪುರ, ಜೂನ್ ೧೯೯೮

ಕಂಪ್ಯೂಟರ್ ತಂತ್ರಾಂಶದ ಹಳೆಯ ಸ್ಥಿರ ಆವೃತ್ತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿರುವ ಮಾನ್ಯರೇ,

ಶಿಕಾರಿಪುರದ ಬಸ್ ನಿಲ್ದಾಣದ ಎದುರು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಚೈತ್ರಶ್ರೀ ಎಂಬ ನಾನು, ತಾವು ಯಾವ ದೇಶದಲ್ಲಿ ಯಾವ ಹೊತ್ತಿಗೆ ಇದನ್ನು ಓದುವಿರೋ ತಿಳಿಯದೆ, ಬೆಳಗಿನ, ಮಧ್ಯಾಹ್ನದ, ಸಂಜೆಯ ನಮಸ್ಕಾರಗಳನ್ನು ಒಟ್ಟಿಗೇ ಸಲ್ಲಿಸುತ್ತಿದ್ದೇನೆ. ತಾವು ಪುಕ್ಕಟೆಯಾಗಿ ಕೊಟ್ಟ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನಲ್ಲಿ, ಅಂದರೆ ಕರ್ನೆಲ್ಲಿನಲ್ಲಿ, ಡಿಸ್ಕಿಗೆ ಬರೆಯುವ ಕೆಲಸಕ್ಕೆಂದೇ ಡ್ರೈವರ್ ಎಂಬ ಭಾಗವೊಂದಿದೆ ಎಂಬುದು ಕಳೆದ ತಿಂಗಳವರೆಗೆ ನನಗೆ ಗೊತ್ತಿರಲಿಲ್ಲ. ಈಗ ಎರಡು ತಾಲ್ಲೂಕುಗಳಿಗೆ ಗೊತ್ತಾಗಿದೆ.

ನಮ್ಮೂರ ಅಕ್ಕಿ ವ್ಯಾಪಾರಿ ಗಂಗಾಧರಪ್ಪನವರ ಮಗಳು ಶರಣ್ಯಳ ಮದುವೆ ಶಿಕಾರಿಪುರದಲ್ಲಿ. ಸೊರಬದ ಕೆಂಪಪ್ಪನವರ ಮಗಳು ಸ್ಪಂದನಳ ಮದುವೆ ಸೊರಬದಲ್ಲಿ. ದಿನವೂ ಒಂದೇ, ಮುಹೂರ್ತವೂ ಒಂದೇ, ಪತ್ರಿಕೆ ಮಾಡಿದ ಅಂಗಡಿಯೂ ಒಂದೇ. ಗಂಗಾಧರಪ್ಪನವರು ಪ್ರೂಫ್ ಒಪ್ಪಿದ ಮೇಲೆ ನಾನು ಫೈಲನ್ನು ಉಳಿಸಿದೆ. ಉಳಿಸಿದ್ದಾಯಿತೆಂದು ತಮ್ಮ ಡ್ರೈವರ್ ಹೇಳಿತು. ಹೇಳಿತೇ ಹೊರತು ಪೂರ್ತಿ ಬರೆದಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಬಂದ ಮೇಲೆ ಅದೇ ಫೈಲನ್ನು ತೆರೆದು ಅಚ್ಚು ಹಾಕಿದೆ. ಮೇಲ್ಭಾಗದಲ್ಲಿ ಶರಣ್ಯ ಮತ್ತು ಹರಿಹರದ ವರ ರಾಜಕುಮಾರ್ ಇದ್ದರು. ಕೆಳಗೆ ಮಾತ್ರ, ಡಿಸ್ಕಿನ ಆ ಜಾಗದಲ್ಲಿ ಮೊದಲೇ ಕೂತಿದ್ದ ಕೆಂಪಪ್ಪನವರ ಪತ್ರಿಕೆಯ, ಸೊರಬದ ಕಲ್ಯಾಣ ಮಂಟಪದ ವಿಳಾಸ ಕದಲದೆ ಉಳಿದಿತ್ತು. ತಮ್ಮ ಆವೃತ್ತಿಯನ್ನು ಸ್ಥಿರವೆಂದು ಯಾಕೆ ಕರೆಯುತ್ತಾರೆಂದು ಅಂದು ಅರ್ಥವಾಯಿತು.

ತಮ್ಮ ಮನೆಯ ಮದುವೆ ಎಲ್ಲಿ ಎಂದು ಪತ್ರಿಕೆ ಓದಿ ತಿಳಿಯುವವರು ಯಾರೂ ಇಲ್ಲವಾದ್ದರಿಂದ ಗಂಗಾಧರಪ್ಪನವರ ಮನೆಯಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಹರಿಹರದಿಂದ ದಿಬ್ಬಣ ತಂದ ಬಸ್ಸಿನ ಡ್ರೈವರಾದರೋ, ತಮ್ಮ ಡ್ರೈವರಿನಂತಲ್ಲದೆ, ಕೊಟ್ಟ ವಿಳಾಸಕ್ಕೆ ಕೊಟ್ಟಿದ್ದನ್ನೆಲ್ಲ ಚಾಚೂ ತಪ್ಪದೆ ತಲುಪಿಸಿದ.

ನಾನು ಶಿಕಾರಿಪುರದ ಮಂಟಪದಲ್ಲಿ ರೇಷ್ಮೆ ಸೀರೆಯುಟ್ಟು, ಇನ್ನೂ ಯಾಕೆ ಬರಲಿಲ್ಲ ಎಂದು ಎಲ್ಲರೊಂದಿಗೆ ಬಾಗಿಲು ನೋಡುತ್ತಿದ್ದಾಗ ಸೊರಬದಿಂದ ಫೋನು ಬಂತು. ಕೆಂಪಪ್ಪನವರ ದನಿ ಪಕ್ಕದಲ್ಲಿದ್ದವರಿಗೂ ಕೇಳಿಸುವಷ್ಟು ದೊಡ್ಡದು: "ಗಂಗಾಧರಪ್ಪನೋರೇ, ನಿಮ್ಮ ಅಳಿಯ ಇಲ್ಲಿ ನಮ್ಮನೆ ಉಪ್ಪಿಟ್ಟು ತಿಂತಾ ಕೂತಾರೆ. ಹುಡುಗ ಒಳ್ಳೆಯೋರು, ಆದ್ರೆ ನಮ್ಗೆ ಅಳಿಯ ಆಗ್ಲೇ ಬಂದಾಯ್ತು!"

ಗಂಗಾಧರಪ್ಪನವರು ಪತ್ರಿಕೆ ತರಿಸಿದರು. ಕೆಳಗಿದ್ದ ಸೊರಬದ ವಿಳಾಸವನ್ನು ನಾನೇ ಓದಿ ಹೇಳಿದೆ. ಆಗ ಮದುಮಗಳು ಬಾಸಿಂಗ ಸರಿಮಾಡಿಕೊಳ್ಳುತ್ತ ಎದ್ದು ನಿಂತಳು. "ಅಪ್ಪಾಜಿ, ಅವ್ರೆಲ್ಲಾ ಉಪ್ಪಿಟ್ಟು ಮುಗ್ಸಿ ಬಸ್ ಹತ್ತಿ ಇತ್ಲಾಗೆ ಬರೋದ್ರಾಗ ಮುಹೂರ್ತ ಮುಗ್ದು ಹೋಗ್ತೈತಿ. ಬೀಗ್ರು ಹಸ್ಕಂಡು ಬಂದಾರ, ನಾವಾ ಹೋಗಾಣ ನಡೀರಿ."

ಅವಳ ಅಜ್ಜಿ ಲೋಕಮ್ಮನವರು ಅಡಿಗೆಯವರಿಗೆ ಹಂಡೆಗಳನ್ನು ಲಾರಿಗೆ ಏರಿಸಲು ಹೇಳಿದರು. "ಸಾರು ಚೆಲ್ಲಿದ್ರ ಚೆಲ್ಲಲಿ, ಹುಡುಗ ಕೈಬಿಟ್ಟು ಹೋಗಬಾರ್ದು!" ಶಿರಾಳಕೊಪ್ಪ ದಾಟುವವರೆಗೂ ಪಾಯಸದ ಹಂಡೆಯನ್ನು ತಬ್ಬಿ ಕೂತವಳು ನಾನೇ, ಆ ಸೀರೆ ಇಂದಿಗೂ ಏಲಕ್ಕಿಯಂತೆ ಘಮಘಮಿಸುತ್ತದೆ.

ಸೊರಬದಲ್ಲಿ ಸ್ಪಂದನ ತನ್ನ ಹಸೆಮಣೆಯನ್ನು ತಾನೇ ಒಂದು ಬದಿಗೆ ಎಳೆದುಕೊಂಡು ಶರಣ್ಯಳಿಗೆ ಜಾಗ ಮಾಡಿಕೊಟ್ಟಳು. ಒಂದೇ ವೇದಿಕೆ, ಒಂದೇ ವಾಲಗ, ಎರಡು ತಾಳಿ. ಶಾಸ್ತ್ರಿಗಳು ಮಾತ್ರ ಪ್ರತಿ ಮಂತ್ರಕ್ಕೂ ಮೊದಲು ವಧುವಿನ ಹೆಸರನ್ನು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡರು. ತಮ್ಮ ಡ್ರೈವರಿಗೆ ಇಲ್ಲದ ಒಳ್ಳೆಯ ಅಭ್ಯಾಸವದು. ಊಟಕ್ಕೆ ಎರಡು ಬಗೆಯ ಪಾಯಸ. ಇಂಥ ಮದುವೆ ಕಂಡಿಲ್ಲವೆಂದು ಜನ ಕುಣಿದಾಡಿದರು. ಗಂಗಾಧರಪ್ಪನವರೂ ಕೊನೆಗೆ ನಕ್ಕರು, ಆದರೆ ನನ್ನ ಕಡೆ ತಿರುಗಿ ಅಲ್ಲ.

ನನಗೆ ಕಂಪ್ಯೂಟರ್ ಕೂಡಿಸಿಕೊಟ್ಟ ಗುರುಪ್ರಕಾಶ್ ಶಿವಮೊಗ್ಗದಿಂದ ತಮಗೆ ಇ-ಮೇಲ್ ಮಾಡಿದರು. ಹೊಸ ಆವೃತ್ತಿಯಲ್ಲಿ ಈ ದೋಷ ತಿದ್ದಿದ್ದೇವೆ, ಅದಕ್ಕೆ ಬದಲಾಯಿಸಿಕೊಳ್ಳಿ ಎಂದು ತಾವು ಕೃಪೆಯಿಟ್ಟು ಉತ್ತರಿಸಿದಿರಿ. ಬದಲಾಯಿಸಿದೆವು. ಡಿಸ್ಕು ಒಂದಕ್ಷರ ಬಿಡದೆ ಬರೆಯಿತು. ಪ್ರಿಂಟರ್ ಒಂದಕ್ಷರವನ್ನೂ ಅಚ್ಚು ಹಾಕಲಿಲ್ಲ. ಆ ತಿದ್ದುಪಡಿಯ ಸಾಲುಗಳನ್ನು ಗುರುಪ್ರಕಾಶ್ ಹಳೆಯದಕ್ಕೆ ಅಂಟಿಸಿ ನೋಡಿದರೆ, ಅವು ಹೊಸದರಲ್ಲಿ ಮಾತ್ರ ಇರುವ ಬೇರೆ ಭಾಗಗಳೆಂಬ ನೆಂಟರನ್ನೆಲ್ಲ ಹೆಸರು ಹಿಡಿದು ಕರೆದು, ಯಾರೂ ಓಗೊಡದೆ, ಕಂಪ್ಯೂಟರ್ ಏಳಲೇ ಇಲ್ಲ.

ಆದುದರಿಂದ, ಮಾನ್ಯರೇ, ಆ ತಿದ್ದುಪಡಿಯನ್ನು ತಾವೇ ಹಳೆಯ ಆವೃತ್ತಿಗೆ ಒಗ್ಗಿಸಿ ಕೊಡಬೇಕು. ಅದಾಗದಿದ್ದರೆ ಮುಂದಿನ ಲಗ್ನದ ಕಾಲಕ್ಕೆ ತಮ್ಮಲ್ಲೊಬ್ಬರು ಕನ್ನಡ ಕಲಿತು ನನ್ನ ಅಂಗಡಿಯಲ್ಲಿ ಕೂತು ಪ್ರತಿ ಪತ್ರಿಕೆ ಓದಬೇಕು. ಅದೂ ಆಗದಿದ್ದರೆ ಶಿಕಾರಿಪುರ ಸೊರಬಗಳನ್ನು ಒಂದೇ ಊರೆಂದು ಸರ್ಕಾರದಿಂದ ಘೋಷಿಸಿಕೊಡಬೇಕು.

ತಮ್ಮ ವಿಶ್ವಾಸಿ, ಆದರೆ ಉಳಿಸಿದ ಫೈಲನ್ನು ಇನ್ನೊಮ್ಮೆ ತೆರೆದು ನೋಡುವ,
ಚೈತ್ರಶ್ರೀ

ವಿ.ಸೂ.: ಪತ್ರ ಕಳಿಸುವ ಮೊದಲೇ, ಹಳೆಯ ಆವೃತ್ತಿಗೆ ತಾವು ತಿದ್ದುಪಡಿ ಸೇರಿಸಿರುವ ಸುದ್ದಿ ಬಂತು, ಹಾಕಿಸಿಕೊಂಡೆವು. ಡಿಸ್ಕೂ ಪ್ರಿಂಟರೂ ಈಗ ನಾನು ಟೈಪು ಮಾಡಿದ್ದನ್ನು ಇದ್ದಂತೆಯೇ ಒಪ್ಪಿಸುತ್ತಿವೆ. ನಿನ್ನೆ ತಾಳಗುಂದದ ಕಲ್ಲಪ್ಪನವರು ತಮ್ಮ ಮಗನ ಪತ್ರಿಕೆಯಲ್ಲಿ "ಆಶೀರ್ವದಿಸಿ" ಇರಬೇಕಾದಲ್ಲಿ "ಆಶ್ಚರ್ಯಪಡಿಸಿ" ಎಂದಿರುವುದನ್ನು ತೋರಿಸಿ ಕಾರಣ ಕೇಳಿದಾಗ, ಕಂಪ್ಯೂಟರಿನ ಕಡೆ ಕೈ ತೋರಿಸಲಾಗದೆ ತಪ್ಪು ನನ್ನದೇ ಎಂದು ಒಪ್ಪಿಕೊಳ್ಳಬೇಕಾಯಿತು. ಒಂದು ಸಣ್ಣ ದೋಷವನ್ನಾದರೂ ವಾಪಸು ಕೊಡುವ ವ್ಯವಸ್ಥೆ ತಮ್ಮಲ್ಲಿದೆಯೇ?